ಋಣವಿಮೋಚನೆಯೂ ಅಚೌರ್ಯವ್ರತವೂ

ದಿವಾಳಿ ಎಂಬ ಮಾತು ದೀಪದಿಂದ ಹುಟ್ಟಿತೆಂದು ಹೇಳುವ ವಾಡಿಕೆಯುಂಟು. ಸಾಲ ತೀರಿಸಲಾರದ ವರ್ತಕನು ಹಾಡುಹಗಲಲ್ಲಿ ಅಂಗಡಿಯೊಳಗೆ ದೀಪ ಹಚ್ಚಿಟ್ಟು ತನ್ನ ಸ್ಥಿತಿಯನ್ನು ಪೇಟೆಗೆಲ್ಲ ತಿಳಿಸುತ್ತಿದ್ದನಂತೆ. ಆ ದೀಪದಲ್ಲಿ ಅವಮಾನವಿತ್ತು; ಸತ್ಯವೂ ಇತ್ತು. ಇಂದು ಅದೇ ಮಾತನ್ನು ನ್ಯಾಯಾಲಯದ ಮುಂದೆ ಅರ್ಜಿಯ ರೂಪದಲ್ಲಿ ಹೇಳಬೇಕಾಗುತ್ತದೆ. ಆದರೆ ವ್ರತಸ್ಥನಾದ ಗೃಹಸ್ಥನ ಮನಸ್ಸಿನಲ್ಲಿ ಒಂದು ಶಂಕೆ ಉಳಿಯುತ್ತದೆ: ಪರರ ಹಣವನ್ನು ಹಿಂದಿರುಗಿಸದೆ ಕಾನೂನಿನಿಂದ ಬಿಡುಗಡೆ ಪಡೆಯುವುದು ಅಚೌರ್ಯಾಣುವ್ರತಕ್ಕೆ ಭಂಗವಲ್ಲವೇ?

ಬೀದರ ಜಿಲ್ಲೆಯ ಠಾಣಾ ಕುಶನೂರದಂತಹ ಊರಿನ ಧಾನ್ಯವ್ಯಾಪಾರಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ಸುತ್ತಲಿನ ಹೊಲಗಳ ತೊಗರಿ, ಉದ್ದು, ಸೋಯಾಬೀನು ಅವನ ಅಡತ ಅಂಗಡಿಗೆ ಬರುತ್ತವೆ. ಮಳೆಯನ್ನೇ ನಂಬಿದ ಸೀಮೆ. ಒಂದು ವರ್ಷ ಫಸಲು ಕೈಕೊಟ್ಟರೆ ಮರುವರ್ಷ ಧಾರಣೆ ಕುಸಿಯುತ್ತದೆ. ಬ್ಯಾಂಕಿನ ಸಾಲ, ಬಂಧುಗಳ ಕೈಗಡ, ಮಾಲು ಬಿಟ್ಟುಹೋದ ರೈತರ ಬಾಕಿ, ಹಮಾಲರ ಕೂಲಿ ಇವೆಲ್ಲವೂ ಸೇರಿ ಆಸ್ತಿಯ ಬೆಲೆಯನ್ನು ಮೀರಿ ನಿಂತಿವೆ. ಇರುಳಿನಲ್ಲಿ ಹೈದರಾಬಾದಿಗೋ ಪುಣೆಗೋ ಹೊರಟುಹೋಗುವುದು ಒಂದು ದಾರಿ. ಮನೆಯನ್ನು ಪತ್ನಿಯ ಹೆಸರಿಗೆ ಬರೆದಿಟ್ಟು ಕೈಚೆಲ್ಲುವುದು ಇನ್ನೊಂದು. ಇವೆರಡೂ ಅಲ್ಲದ ಮೂರನೆಯ ದಾರಿ ಇದೆಯೆಂಬುದು ಅನೇಕರಿಗೆ ತಿಳಿಯದು.

ಆ ದಾರಿಯ ಸ್ವರೂಪವನ್ನು ಮೊದಲು ಅರಿಯಬೇಕು. ಒಬ್ಬನೇ ನಡೆಸುವ ಅಂಗಡಿಗೂ ಅದರ ಒಡೆಯನಿಗೂ ಕಾನೂನು ಭೇದವೆಣಿಸುವುದಿಲ್ಲ. ಅಂಗಡಿಯ ಸಾಲವೆಲ್ಲ ಅವನದೇ. 1932ರ ಪಾಲುದಾರಿಕೆ ಕಾಯ್ದೆಯಂತೆ ಪಾಲುದಾರರಲ್ಲಿ ಪ್ರತಿಯೊಬ್ಬನೂ ಸಂಸ್ಥೆಯ ಇಡೀ ಸಾಲಕ್ಕೆ ಹೊಣೆ. ಕಂಪನಿಯ ಸಾಲವಾದರೋ ಕಂಪನಿಗೆ ಸೇರಿದ್ದು. ಜಾಮೀನು ನಿಂತವನು ಮಾತ್ರ ಸಿಕ್ಕಿಬೀಳುತ್ತಾನೆ. ಕಂಪನಿಗಳ ವ್ಯವಹಾರ 2016ರ ದಿವಾಳಿ ಸಂಹಿತೆಯಂತೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂದೆ ನಡೆಯುತ್ತದೆ. ಅದೇ ಸಂಹಿತೆಯಲ್ಲಿ ವ್ಯಕ್ತಿಗಳಿಗಾಗಿ ಬರೆದ ಭಾಗವು 2019ರ ಡಿಸೆಂಬರ್ 1ರಿಂದ ಕಂಪನಿಗಳ ಜಾಮೀನುದಾರರಿಗೆ ಅನ್ವಯವಾಯಿತೇ ಹೊರತು ಸಾಮಾನ್ಯ ಸಾಲಗಾರನವರೆಗೆ ಬರಲಿಲ್ಲ. ಆದುದರಿಂದ ಹಳ್ಳಿಯ ವರ್ತಕನಿಗೆ ಆಸರೆಯಾಗಿ ಉಳಿದದ್ದು 1920ರ ಪ್ರಾಂತೀಯ ದಿವಾಳಿ ಕಾಯ್ದೆ.

ಆ ಕಾಯ್ದೆಯಲ್ಲಿ ಸಾಲಗಾರನು ತನ್ನ ಸಾಲಗಳನ್ನೂ ಆಸ್ತಿಯನ್ನೂ ಒಂದನ್ನೂ ಬಿಡದೆ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಆಸ್ತಿಯು ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರರ ವಶವಾಗಿ, ಸಾಲಿಗರಿಗೆ ಕ್ರಮದಂತೆ ಹಂಚಿಕೆಯಾಗುತ್ತದೆ. ಸಂಖ್ಯೆಯಲ್ಲಿ ಬಹುಮಂದಿಯೂ ಮೊತ್ತದಲ್ಲಿ ಮುಕ್ಕಾಲು ಪಾಲಿನವರೂ ಆದ ಸಾಲಿಗರು ಒಪ್ಪಿದರೆ ರಾಜಿಗೂ ಅವಕಾಶವುಂಟು. ಕೊನೆಗೆ ಅವನ ನಡತೆಯನ್ನು ಪರೀಕ್ಷಿಸಿ ನ್ಯಾಯಾಲಯವು ವಿಮೋಚನೆಯ ಆಜ್ಞೆ ಕೊಡಬಹುದು, ನಿರಾಕರಿಸಬಹುದು, ಮುಂದಿನ ಗಳಿಕೆಯಲ್ಲಿ ಪಾಲು ಕೊಡಬೇಕೆಂದು ಷರತ್ತನ್ನೂ ಹಾಕಬಹುದು. ವಂಚನೆಯಿಂದ ಮಾಡಿದ ಸಾಲಕ್ಕೆ ಈ ವಿಮೋಚನೆ ಸಲ್ಲದು.

ಇಂತಹ ದಯೆ ಕಳ್ಳತನಕ್ಕೆ ಕೊಟ್ಟ ಸಮ್ಮತಿಯೆಂದು ಭಾವಿಸುವುದು ಸಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯು ಅಡುಗೆಯ ಪಾತ್ರೆ, ಹಾಸಿಗೆ, ತೊಡುವ ಬಟ್ಟೆ, ಕುಶಲಕರ್ಮಿಯ ಉಪಕರಣ, ಬೇಸಾಯಗಾರನ ನೇಗಿಲುಗಳನ್ನು ಜಪ್ತಿಗೆ ಹೊರತಾಗಿಟ್ಟಿದೆ. ನಿಜವಾಗಿ ಕೈಯಲ್ಲಿ ಏನೂ ಇಲ್ಲದವನನ್ನು ಸಾಲಕ್ಕಾಗಿ ಸೆರೆಗೆ ಹಾಕಲಾಗದೆಂದು 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತೀರ್ಪಿತ್ತರು. ಸಾಲಗಾರನನ್ನು ಹಿಂಸೆಯಿಂದ ಕಾಪಾಡುವ ಈ ನಿಯಮಗಳ ತಿರುಳು ಅಹಿಂಸೆಯೇ.

ಹಾಗಾದರೆ ಆಜ್ಞೆ ದೊರೆತ ದಿನವೇ ಋಣವೂ ಇಲ್ಲವಾಗುತ್ತದೆಯೇ? ಕಾಲಮಿತಿ ಮೀರಿದ ಸಾಲದ ವಿಷಯದಲ್ಲಿ ಕಾನೂನೇ ಒಂದು ಸೂಕ್ಷ್ಮವನ್ನು ತೋರಿಸಿದೆ. ಅಂತಹ ಸಾಲವನ್ನು ವಸೂಲು ಮಾಡಲು ಸಾಲಿಗನಿಗೆ ಹಾದಿ ಮುಚ್ಚಿರುತ್ತದೆ. ಆದರೂ ಸಾಲಗಾರನು ತಾನಾಗಿಯೇ ಕೊಡುವೆನೆಂದು ಬರೆದು ರುಜು ಹಾಕಿದರೆ, ಬೇರೆ ಪ್ರತಿಫಲವಿಲ್ಲದೆಯೂ ಆ ವಚನ ಸಿಂಧುವೆಂದು 1872ರ ಕರಾರು ಕಾಯ್ದೆ ಹೇಳುತ್ತದೆ. ಬಲಾತ್ಕಾರದ ಹಕ್ಕು ಮುಗಿದ ಮೇಲೂ ಕೊಡುವವನ ಧರ್ಮ ಮುಗಿಯದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ದಿವಾಳಿಯ ವಿಮೋಚನೆಯನ್ನೂ ವ್ರತಸ್ಥನು ಇದೇ ದೃಷ್ಟಿಯಿಂದ ನೋಡಬೇಕು: ಅದು ಬೆನ್ನ ಮೇಲಿನ ಚಾಟಿಯನ್ನು ತೆಗೆಯುತ್ತದೆ, ಎದೆಯೊಳಗಿನ ಲೆಕ್ಕವನ್ನು ಅಳಿಸುವುದಿಲ್ಲ.

ವ್ರತಕ್ಕೆ ದೋಷ ತಗಲುವುದು ಅರ್ಜಿಯಿಂದಲ್ಲ, ಮುಚ್ಚುಮರೆಯಿಂದ. ಸುಳ್ಳು ಪತ್ರ ಬರೆಯುವ ಕೂಟಲೇಖಕ್ರಿಯೆ, ನಂಬಿ ಇಟ್ಟದ್ದನ್ನು ನುಂಗುವ ನ್ಯಾಸಾಪಹಾರ, ಇವೆರಡನ್ನೂ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಸಾಲಿಗರ ಕಣ್ಣು ತಪ್ಪಿಸಲು ಪತ್ನಿಯ ಹೆಸರಿಗೆ ಬರೆದ ಮನೆ ಮೊದಲನೆಯದು. ರೈತನು ನಂಬಿ ಬಿಟ್ಟುಹೋದ ತೊಗರಿಯ ಹಣ ಎರಡನೆಯದು. ವಕೀಲರನ್ನಿಟ್ಟುಕೊಂಡ ಬ್ಯಾಂಕು ತನ್ನ ಪಾಲನ್ನು ಕೇಳಿ ಪಡೆಯಬಲ್ಲದು. ಹಮಾಲನು ನ್ಯಾಯಾಲಯದ ಮೆಟ್ಟಿಲನ್ನೇ ಅರಿಯನು. ಆದುದರಿಂದ ಅಂತಹವನ ಬಾಕಿಯನ್ನು ಪಟ್ಟಿಯಲ್ಲಿ ಬಿಡದೆ ಬರೆಯುವುದೇ ವ್ರತಸ್ಥನ ಪ್ರಥಮ ಪರೀಕ್ಷೆ. ಕೂಲಿ ಬಾಕಿಯಿರುವಾಗ ನೋಂಪಿಯ ಉದ್ಯಾಪನೆಯನ್ನು ವೈಭವದಿಂದ ಮಾಡುವವನು ದಾನ ಮಾಡುತ್ತಿರುವುದು ಪರರ ಹಣವನ್ನೇ. ಉಪವಾಸದಿಂದ ದೇಹ ಒಣಗಬಹುದು, ಹಮಾಲನ ಖಾತೆ ತೀರದು.

ಹೀಗೆಂದರೆ ಸಾಲದ ಹೊರೆ ತಲೆಮಾರುಗಳವರೆಗೆ ಬೆನ್ನಟ್ಟಬೇಕೇ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ತಂದೆಯ ಸಾಲ ತೀರಿಸುವುದು ಮಗನ ಧಾರ್ಮಿಕ ಹೊಣೆಯೆಂಬ ಕಾರಣವೊಂದರಿಂದಲೇ ಅವನಿಂದ ವಸೂಲು ಮಾಡುವ ಹಳೆಯ ನಿಯಮವನ್ನು, ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯು ಅನಂತರದ ಸಾಲಗಳ ಮಟ್ಟಿಗೆ ತೆಗೆದುಹಾಕಿತು. ವ್ರತವು ತಾನಾಗಿ ಹೊತ್ತದ್ದು. ಅದನ್ನು ಮಕ್ಕಳ ಮೇಲೆ ಹೇರಲಾಗದು, ಸಾಲಿಗನೂ ಅದನ್ನು ಅಸ್ತ್ರವಾಗಿ ಹಿಡಿಯಲಾಗದು. ಶಕ್ತಿಯಿದ್ದಷ್ಟು, ಶಕ್ತಿ ಬಂದಾಗ ಕೊಡುವುದೇ ಅದರ ಮಿತಿ.

1641ರಲ್ಲಿ ಆತ್ಮಕಥೆಯಾದ ‘ಅರ್ಧಕಥಾನಕ’ವನ್ನು ಬರೆದ ಜೈನ ವರ್ತಕ ಬನಾರಸೀದಾಸನು ಆಗ್ರಾದಲ್ಲಿ ಬಂಡವಾಳ ಕಳೆದುಕೊಂಡು, ಕಚೋರಿಯ ಅಂಗಡಿಯಲ್ಲಿ ತಿಂಗಳುಗಟ್ಟಲೆ ಉದ್ರಿ ಉಂಡವನು. ತನ್ನಲ್ಲಿ ಏನೂ ಇಲ್ಲವೆಂದು ಅವನು ಮರೆಮಾಚದೆ ಹೇಳಿದನು. ಅಂಗಡಿಯವನು ಆದರೂ ಉಣಬಡಿಸಿದನು. ಮುಂದೆ ವ್ಯಾಪಾರ ಕೈಹಿಡಿದಾಗ ಆ ಹದಿನಾಲ್ಕು ರೂಪಾಯಿಯನ್ನು ಬನಾರಸೀದಾಸನು ಸಲ್ಲಿಸಿದನು. ಅಲ್ಲಿ ಪತ್ರವಿರಲಿಲ್ಲ, ಜಪ್ತಿಯಿರಲಿಲ್ಲ. ಇಲ್ಲದಾಗ ಇಲ್ಲವೆನ್ನುವ ಧೈರ್ಯ, ಇದ್ದಾಗ ಕೊಡುವ ನೆನಪು, ಇವೆರಡೂ ಇರುವ ಗೃಹಸ್ಥನು ನ್ಯಾಯಾಲಯದಲ್ಲಿ ದಿವಾಳಿಯೆನಿಸಿಕೊಂಡರೂ ವ್ರತದಲ್ಲಿ ದಿವಾಳಿಯಾಗಲಾರನು.