ರೋಬೋಗೆ ಸಿಕ್ಕ ತಾಳ್ಮೆ

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟು. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಜೊತೆಗೆ ಗಂಡನ ತಾಯಿ, ಶಾಲೆಗೆ ಹೋಗುವ ಮಗು. ವರ್ಷಗಳಿಂದ ಬರುತ್ತಿದ್ದ ಮನೆಗೆಲಸದಾಕೆ ಪಾತ್ರೆ ತೊಳೆದು, ಕಸ ಗುಡಿಸಿ, ನೆಲ ಒರೆಸಿ ಹೋಗುತ್ತಿದ್ದರು. ಹಬ್ಬಕ್ಕೆ ಊರಿಗೆ ಹೋದರೆ ಹೇಳಿದ ದಿನಕ್ಕೆ ವಾಪಸಾಗುವುದಿಲ್ಲ, ಫೋನ್ ಮಾಡಿದರೆ ಎತ್ತುವುದಿಲ್ಲ ಎಂಬುದು ಮನೆಯವರ ಹಳೇ ದೂರು. ದೀಪಾವಳಿಯ ರಿಯಾಯಿತಿಯಲ್ಲಿ ಗುಡಿಸಿ ಒರೆಸುವ ರೋಬೋ ಮನೆಗೆ ಬಂತು. ಇನ್ನು ಪಾತ್ರೆ ಮಾತ್ರ ಸಾಕು ಎಂದರು. ಮರುತಿಂಗಳು ಆಕೆಯ ಸಂಬಳ ಅರ್ಧಕ್ಕಿಳಿಯಿತು.

ಯಂತ್ರವನ್ನು ಸುಮ್ಮನೆ ಬೈಯುವುದು ನ್ಯಾಯವಲ್ಲ. ಮಂಚದಡಿಯ ಧೂಳು, ಕೂದಲು, ಬ್ರೆಡ್ಡಿನ ಪುಡಿಯನ್ನು ಅದು ಪೊರಕೆಗಿಂತ ಚೆನ್ನಾಗಿಯೇ ಎಳೆದುಕೊಳ್ಳುತ್ತಿತ್ತು. ಎಡವಟ್ಟಾದದ್ದು ಹಾಲ್ ಮತ್ತು ಊಟದ ಜಾಗದ ನಡುವೆ ಬಿಲ್ಡರ್ ಅಂದಕ್ಕೆಂದು ಹಾಕಿದ್ದ ಕಪ್ಪು ಗ್ರಾನೈಟ್ ಪಟ್ಟಿಯಲ್ಲಿ. ಮೆಟ್ಟಿಲಿನಿಂದ ಬೀಳದಿರಲೆಂದು ಇಂಥ ಯಂತ್ರಗಳ ಹೊಟ್ಟೆಯಡಿ ಸೆನ್ಸರ್‌ಗಳಿರುತ್ತವೆ; ಅವು ನೆಲಕ್ಕೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ಮರಳಿ ಬರುತ್ತದೆಯೇ ಎಂದು ನೋಡುತ್ತವೆ. ಕಪ್ಪು ಕಲ್ಲು ಬೆಳಕನ್ನು ನುಂಗಿಬಿಡುತ್ತದೆ. ರೋಬೋ ಮುಂದೆ ಹಳ್ಳವಿದೆ ಎಂದುಕೊಂಡು ಹಿಂದಕ್ಕೆ ಸರಿಯುತ್ತಿತ್ತು. ಊಟದ ಮೇಜಿನಡಿ ಅನ್ನದ ಅಗುಳು ಒಣಗುತ್ತಲೇ ಇತ್ತು. ಕೊನೆಗೆ ಗಂಡ ಸೆನ್ಸರ್‌ಗಳ ಮೇಲೆ ಬಿಳಿ ಕಾಗದ ಅಂಟಿಸಿದರು. ಮನೆಯೊಳಗೆ ಮೆಟ್ಟಿಲಿರಲಿಲ್ಲ, ಬಚಾವ್.

ಒರೆಸುವುದರ ಕಥೆ ಬೇರೆ. 2002ರಲ್ಲಿ ಅಮೆರಿಕದಲ್ಲಿ ರೂಂಬಾ ಎಂಬ ಗುಡಿಸುವ ರೋಬೋ ಬಂದಾಗ ಅದರ ಕೆಲಸ ಕಸ ಎತ್ತುವುದಷ್ಟೇ. ನಮ್ಮಲ್ಲಿ ಗುಡಿಸಿದ್ದರ ಮೇಲೆ ಒರೆಸದಿದ್ದರೆ ಮನೆ ಮನೆಯೆನಿಸುವುದಿಲ್ಲ. ಆ ಕೆಲಸ ಈ ಜಾತಿಯ ಯಂತ್ರಗಳಿಗೆ ಆಮೇಲೆ ಸೇರಿಕೊಂಡದ್ದು. ಈ ರೋಬೋದ ತೊಟ್ಟಿಯಲ್ಲಿ ಕಾಲು ಲೀಟರಿನಷ್ಟು ನೀರು. ಒಂದೇ ಬಟ್ಟೆಯನ್ನು ಅಡುಗೆಮನೆಯಿಂದ ದೇವರಮನೆಯ ಹೊಸ್ತಿಲವರೆಗೂ ಎಳೆದುಕೊಂಡು ಹೋಗುತ್ತದೆ. ಒಗ್ಗರಣೆಯ ಎಣ್ಣೆ ಸಿಡಿದ ಜಾಗ ದಾಟಿದರೆ ಮುಗಿಯಿತು, ಜಿಡ್ಡು ತೆಳುವಾಗಿ ಇಡೀ ಮನೆಗೆ ಹಂಚಿಕೆಯಾಗುತ್ತದೆ. ಬೋರ್‌ವೆಲ್ ನೀರಿನ ಬಿಳಿ ಗೆರೆ ಬೇರೆ. ಮನೆಗೆಲಸದಾಕೆ ಬಕೆಟ್ಟಿನ ನೀರನ್ನು ಎರಡು ಸಲ ಬದಲಿಸುತ್ತಿದ್ದರು. ಕಿಟಕಿಯ ಬೆಳಕಿಗೆ ಓರೆಯಾಗಿ ಕೂತು ನೆಲ ನೋಡಿ, ಹಾಲು ಚೆಲ್ಲಿದ ಕಡೆ ಉಗುರಿನಿಂದ ಕೆರೆದು ಒರೆಸುತ್ತಿದ್ದರು.

ಅಂತೂ ಗುಡಿಸಲು ಒಳ್ಳೆಯದು, ಒರೆಸಲು ಸಾಲದು. ತೀರ್ಪು ಇಷ್ಟೇ ಆಗಿದ್ದರೆ ಇದನ್ನು ಬರೆಯಬೇಕಿರಲಿಲ್ಲ.

ನನ್ನ ಗಮನ ಸೆಳೆದದ್ದು ಯಂತ್ರಕ್ಕೆ ಸಿಕ್ಕ ತಾಳ್ಮೆ. ಅದು ಓಡಾಡಲೆಂದು ಮನೆಯವರು ಬೆಳಿಗ್ಗೆ ಎದ್ದು ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಟ್ಟರು. ವೈರುಗಳನ್ನು ಸುತ್ತಿ ಕಟ್ಟಿದರು. ದಪ್ಪ ಕಾಲೊರಸು ತೆಗೆದು ತೆಳುವಾದದ್ದನ್ನು ತಂದರು. ಮನೆಯ ನಕ್ಷೆ ಕಲಿಯಲಿ ಎಂದು ವಾರಗಟ್ಟಲೆ ಕಾದರು. ಮಂಚದಡಿ ಸಿಕ್ಕಿಕೊಂಡರೆ ‘ಪಾಪ, ಹೊಸದು’ ಎಂದರು. ಅದೇ ಕುರ್ಚಿಗಳನ್ನು ಮನೆಗೆಲಸದಾಕೆ ಇಷ್ಟು ವರ್ಷ ಒಬ್ಬರೇ ಎತ್ತಿ ಸರಿಸುತ್ತಿದ್ದರು. ಒಂದು ಮೂಲೆ ಬಿಟ್ಟುಹೋದರೆ ಸಂಜೆಯವರೆಗೂ ಅದೇ ಮಾತಾಗುತ್ತಿತ್ತು. ರೋಬೋಗೆ ಒಂದು ವರ್ಷದ ವಾರಂಟಿ. ಆಕೆಗೆ ಒಂದು ತಿಂಗಳ ಮುನ್ಸೂಚನೆಯೂ ಇಲ್ಲ.

ಯಂತ್ರ ಬಂದರೆ ಕೆಲಸ ಹೋಗುವುದು ಲೋಕರೂಢಿ ಎನ್ನುವವರಿದ್ದಾರೆ. ಸೊಂಟ ಬಗ್ಗಿಸಿ ನೆಲ ಒರೆಸುವುದರಲ್ಲಿ ಪುಣ್ಯವೇನೂ ಇಲ್ಲ, ಆ ಕಷ್ಟ ತಪ್ಪುವುದಾದರೆ ಒಳ್ಳೆಯದೇ. ಆದರೆ ಇಲ್ಲಿ ಯಂತ್ರ ಗೆಲ್ಲುತ್ತದೋ ಇಲ್ಲವೋ ತಿಳಿಯುವ ಮೊದಲೇ ಸಂಬಳ ಕತ್ತರಿಸಿದರು. ಪ್ರಯೋಗ ಮನೆಯವರದು, ಅದರ ಖರ್ಚು ಆಕೆಯದು. ಮನೆಗೆಲಸದವರಿಗೆ ಕನಿಷ್ಠ ಕೂಲಿಯನ್ನು ಕರ್ನಾಟಕ 2004ರಲ್ಲೇ ನಿಗದಿಪಡಿಸಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾಡುವ ಇಂಥ ಲೆಕ್ಕಾಚಾರದಲ್ಲಿ ಆ ಆದೇಶವನ್ನು ಯಾರೂ ನೆನೆಯುವುದಿಲ್ಲ.

ಮನೆಯೊಳಗೂ ಕೆಲಸ ಕರಗಲಿಲ್ಲ, ಕೈ ಬದಲಾಯಿಸಿತು. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ: ಮನೆಗೆ ಯಂತ್ರಗಳು ಬಂದಂತೆ ಗಂಡಸರ, ಮಕ್ಕಳ, ಆಳುಗಳ ಪಾಲಿನ ದುಡಿಮೆ ಇಳಿಯಿತು, ಗೃಹಿಣಿಯದು ಇಳಿಯಲಿಲ್ಲ. ಈ ಮನೆಯಲ್ಲಿ ಬ್ರಷ್ಷಿಗೆ ಸುತ್ತಿಕೊಂಡ ಕೂದಲನ್ನು ಕತ್ತರಿಯಿಂದ ಬಿಡಿಸುವುದು ಸೊಸೆಯ ಪಾಲಿಗೆ, ಒರೆಸುವ ಬಟ್ಟೆ ಒಗೆಯುವುದು ಅತ್ತೆಯ ಪಾಲಿಗೆ ಬಂತು. ಗಂಡ ಮೊಬೈಲಿನಲ್ಲಿ ಬಟನ್ ಒತ್ತುತ್ತಿದ್ದರು.

ಅತ್ತೆಯ ಮೊಣಕಾಲು ನೋವು ಹೆಚ್ಚಾದ ಮೇಲೆ ಮನೆಗೆಲಸದಾಕೆಯನ್ನು ಕರೆದು ಮಾತಾಡಿದರು. ಗುಡಿಸುವುದು ಯಂತ್ರಕ್ಕಿರಲಿ, ದಿನ ಬಿಟ್ಟು ದಿನ ನೀನು ಒರೆಸು, ಹಾಗೆಯೇ ರೋಬೋದ ಬಟ್ಟೆಯನ್ನೂ ಒಗೆದುಬಿಡು ಎಂದರು. ಆಕೆ ಹಳೇ ಸಂಬಳವನ್ನೇ ಪೂರ್ತಿ ಕೇಳಿದರು, ಮನೆಯವರು ಒಪ್ಪಿದರು. ಬಟ್ಟೆಯ ವಿಷಯಕ್ಕೆ ಮಾತ್ರ, ‘ಅದು ಬೇರೆ ಕೆಲಸ ಅಮ್ಮಾ, ಅದಕ್ಕೆ ಬೇರೆ ದುಡ್ಡು’ ಎಂದರಂತೆ.