ಅಸಲು ಯಾವುದು?

ಒಂದು ವಸ್ತುವಿನ ಬಿಡಿಭಾಗಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋದರೆ ಕೊನೆಗೆ ಉಳಿಯುವುದು ಅದೇ ವಸ್ತುವೇ? ಪ್ರಶ್ನೆ ಹಳೆಯದು. ‘ಮಿಲಿಂದಪನ್ಹ’ದಲ್ಲಿ ಭಿಕ್ಷು ನಾಗಸೇನ ರಾಜನನ್ನು ಕೇಳುತ್ತಾನೆ: ನೀನು ಬಂದ ರಥ ಅಂದರೆ ಯಾವುದು, ಅಚ್ಚೋ, ಗಾಲಿಯೋ, ನೊಗವೋ? ಒಂದೊಂದೂ ರಥವಲ್ಲ, ಎಲ್ಲ ಕೂಡಿದಾಗ ಕರೆಯುವ ಹೆಸರು ಅದು ಅಂತ ರಾಜ ಒಪ್ಪುತ್ತಾನೆ. ಊರು ಬಿಟ್ಟವರಿಗೆ ಇದು ಬರೀ ತರ್ಕವಲ್ಲ. ಮೂವತ್ತು ವರ್ಷ ಪುಣೆಯಲ್ಲಿದ್ದ ಮೇಲೂ ನೀವು ಧಾರವಾಡದವರೇ ಏನು ಅಂತ ಊರಿಗೆ ಹೋದಾಗೆಲ್ಲ ಯಾರಾದರೊಬ್ಬರು ಕೇಳ್ತಾರೆ.

ಈ ಪ್ರಶ್ನೆಯನ್ನು ನಾನು ಮತ್ತೆ ಯೋಚಿಸುವಂತೆ ಮಾಡಿದ್ದು ಮೊಮ್ಮಗನ ಹುಚ್ಚು. ಅವನಿಗೆ ರೇಡಿಯೋದಿಂದ ಓಡಿಸುವ ‘ಬಗ್ಗಿ’ಗಳ ಗೀಳು. ನಿಜವಾದ ಗಾಡಿಯ ಹತ್ತನೇ ಒಂದು ಅಳತೆ, ಮೊಳಕ್ಕಿಂತ ಗಿಡ್ಡ. ಆಟಿಗೆ ಅಂದರೆ ಅವನಿಗೆ ಸಿಟ್ಟು ಬರುತ್ತದೆ. ಯಾಕಂದ್ರೆ ಇವಕ್ಕೆ ವಿಶ್ವ ಚಾಂಪಿಯನ್‌ಶಿಪ್ಪೇ ಇದೆ. ನಾನು ಬ್ಯಾಂಕಿಗೆ ಸೇರಿದ 1984ರಲ್ಲಿ ಕ್ಯಾಲಿಫೋರ್ನಿಯಾದ ಟೀಮ್ ಅಸೋಸಿಯೇಟೆಡ್ ಎಂಬ ಕಂಪನಿ ‘ಆರ್‌ಸಿ10’ ಅಂತ ಒಂದು ಬಗ್ಗಿ ತಂದಿತು. ಬಂಗಾರದ ಬಣ್ಣದ ಅಲ್ಯುಮಿನಿಯಂ ತಳ, ಹಿಂದಿನ ಎರಡೇ ಗಾಲಿಗೆ ಮೋಟಾರಿನ ಶಕ್ತಿ. 1985ರ ವಿಶ್ವ ಸ್ಪರ್ಧೆಯಲ್ಲಿ ತನ್ನ ವರ್ಗವನ್ನು ಗೆದ್ದಿತು. ಅದರ ವಂಶ ಬಿ2, ಬಿ3 ಅಂತ ಬೆಳೆದು ಈಗ ಬಿ7ಕ್ಕೆ ಬಂದಿದೆ.

ಈ ವಂಶಾವಳಿಯಲ್ಲಿ ನನಗೆ ಹಿಡಿಸಿದ್ದು ಮೋಟಾರಿನ ಜಾಗ. ಮೊದಲು ಅದು ಹಿಂದಿನ ಅಚ್ಚಿಗಿಂತಲೂ ಹಿಂದಿತ್ತು. ಸಡಿಲು ಮಣ್ಣಲ್ಲಿ ಗಾಲಿ ಜಾರುತ್ತದೆ. ಹಿಂದೆ ಭಾರ ಬಿದ್ದರೆ ಹಿಡಿತ ಸಿಗುತ್ತದೆ. ಮುಂದೆ ಓಟದ ನೆಲವೇ ಬದಲಾಯಿತು. ಗಟ್ಟಿ ಮಣ್ಣು, ಕೃತಕ ಹುಲ್ಲು, ಕಾರ್ಪೆಟ್ಟು ಬಂದವು. ಹಿಡಿತ ತಾನಾಗಿ ಸಿಗತೊಡಗಿದ ಮೇಲೆ ಹಿಂದಿನ ಭಾರವೇ ತೊಡಕಾಯಿತು. ಮುಂದಿನ ಗಾಲಿ ಹಗುರಾಗಿ ತಿರುವಿನಲ್ಲಿ ಮಾತು ಕೇಳಲಿಲ್ಲ. ಅದೇ ಹೊತ್ತಿಗೆ ಉದ್ದನೆಯ ನಿಕಲ್ ಬ್ಯಾಟರಿ ಹೋಗಿ ಹಗುರಾದ ಲಿಥಿಯಂ ಬಂದು, ಒಳಗೆ ಜಾಗವೂ ಆಯಿತು. ಮೋಟಾರು ಅಚ್ಚಿನ ಮುಂದಕ್ಕೆ ಸರಿಯಿತು. 2014ರಲ್ಲಿ ಬಿ5 ಬಂದಾಗ ಕಂಪನಿ ಎರಡನ್ನೂ ಮಾರಿತು: ಮೋಟಾರು ಹಿಂದಿರುವ ಬಿ5, ನಡುವಿರುವ ಬಿ5ಎಂ. 2016ರ ಬಿ6ಕ್ಕೆ ಹಿಂದಿನ ಮೋಟಾರೇ ಇಲ್ಲ. ಆದರೆ ಅಲ್ಲೂ ಎರಡು ರೂಪ: ಹಿಡಿತ ಹೆಚ್ಚಿರುವ ನೆಲಕ್ಕೆ ಬಿ6, ಮಣ್ಣಿನ ನೆಲಕ್ಕೆ ಬಿ6ಡಿ.

ಇವೆರಡರಲ್ಲಿ ಅಸಲು ಯಾವುದು, ನಕಲು ಯಾವುದು ಅಂತ ಯಾರೂ ಕೇಳುವುದಿಲ್ಲ. ನೆಲ ಬೇರೆ, ಹಾಗಾಗಿ ಜೋಡಣೆ ಬೇರೆ. ಅಷ್ಟೇ.

ನಾವು ಮನುಷ್ಯರ ವಿಷಯದಲ್ಲಿ ಮಾತ್ರ ಇಷ್ಟು ಉದಾರಿಗಳಲ್ಲ. 1998ರಲ್ಲಿ ಧಾರವಾಡದ ಒಂದು ಮದುವೆಯಲ್ಲಿ ನನ್ನ ಮಗಳು “ಕಾಕೂ, ಜೇವಣ ಆತೇನ್ರಿ?” ಅಂದಳು. ಪುಣೆಯ ಶಾಲೆಯ ಮರಾಠಿ ನಾಲಿಗೆಗೆ ಬಂದಿತ್ತು. ಎಲ್ಲರೂ ನಕ್ಕರು. “ಏನವ್ವಾ, ನಿನ್ನ ಕನ್ನಡ ಪೂರಾ ಕೆಟ್ಟು ಹೋಗೇದಲ್ಲ!” ಅದೇ ಪಂಕ್ತಿಯಲ್ಲಿ ಇನ್ನೊಬ್ಬರು “ಲಂಚ್ ಆತಾ?” ಅಂತ ಕೇಳುತ್ತಿದ್ದರು, ಅದಕ್ಕೆ ಯಾರೂ ನಗಲಿಲ್ಲ. ಆಮೇಲಿನ ಎರಡು ದಿನ ಹುಡುಗಿ ಮಾತನ್ನೇ ಆಡಲಿಲ್ಲ. ಕೆಟ್ಟದ್ದು ಆಗ, ಜೇವಣದಿಂದಲ್ಲ.

ಇನ್ನೊಂದು ಕಡೆ, ಹೊರಗಿರುವ ನಮ್ಮದೂ ಒಂದು ಹಟ ಇದೆ. 2013ರಲ್ಲಿ ಆ ಕಂಪನಿ ಬಂಗಾರದ ಬಣ್ಣದ ಹಳೆಯ ಆರ್‌ಸಿ10 ಅನ್ನೇ ಮತ್ತೆ ಮಾರಾಟಕ್ಕೆ ತಂದಿತು. ಪ್ರೀತಿಗೆ ಕೊಂಡವರೇ ಹೆಚ್ಚು. ಇವತ್ತಿನ ಸ್ಪರ್ಧೆಗೆ ಅದನ್ನು ಇಳಿಸಿದರೆ ಬಿ7ರ ಮುಂದೆ ನಡೆಯದು. ನಮ್ಮಲ್ಲೂ ಕೆಲವರು ಬಿಟ್ಟು ಬಂದ ವರ್ಷದ ಊರನ್ನೇ ಗಾಜಿನ ಕಪಾಟಿನಲ್ಲಿಟ್ಟುಕೊಂಡು, ಊರಿನವರು ಬದಲಾದದ್ದನ್ನು ದೂರುತ್ತಾರೆ. ಕಪಾಟಿನದು ಸುಂದರ, ಆದರೆ ಓಡುವುದಿಲ್ಲ.

ಹಾಗಾದರೆ ಏನು ಬದಲಾದರೂ ಸರಿಯೇ? ಅಲ್ಲ. ಬಗ್ಗಿ ಮಾಡುವವರು ಒಂದು ಭಾಗವನ್ನು ತೆಗೆಯುವ ಮೊದಲು ಅದು ಏನು ಕೆಲಸ ಮಾಡುತ್ತಿತ್ತು ಅಂತ ತಿಳಿದುಕೊಂಡಿರುತ್ತಾರೆ. ಬದಲಾಯಿಸಿದ ಮೇಲೆ ಗಡಿಯಾರ ಹಿಡಿದು ನೋಡುತ್ತಾರೆ. ಬಂಗಾರದ ತಳದ ನಂತರ ಪ್ಲಾಸ್ಟಿಕ್ ಮಿಶ್ರಣದ ತಳ ಬಂದಿತ್ತು. ಬಿ5ಕ್ಕೆ ಮತ್ತೆ ಅಲ್ಯುಮಿನಿಯಂ ಬಂತು. ಬಿಟ್ಟದ್ದನ್ನು ಮತ್ತೆ ತರುವುದಕ್ಕೆ ಅವರಿಗೆ ನಾಚಿಕೆ ಇಲ್ಲ. ನಾವು ಹಾಗಲ್ಲ. ಒಂದು ಹಬ್ಬ ಬಿಡುತ್ತೇವೆ, ಒಂದು ಮಾತು ಬಿಡುತ್ತೇವೆ. ಅದು ಯಾರನ್ನು ಯಾರಿಗೆ ಜೋಡಿಸಿತ್ತು ಅಂತ ಕೇಳುವುದಿಲ್ಲ. ಸೋಮಾರಿತನದಿಂದ ಬಿಟ್ಟದ್ದಕ್ಕೆ ವಿಕಾಸ ಅಂತ ಹೆಸರಿಡುವುದು ಸುಳ್ಳು ಲೆಕ್ಕ.

ಬ್ಯಾಂಕಿನಲ್ಲಿ ಅಸಲು ಅಂದರೆ ಸಾಲದ ಮೂಲ ಮೊತ್ತ. ನಮ್ಮ ಕಾಲದ ಕೈಬರಹದ ಲೆಡ್ಜರು ಹೋಗಿ ಕಂಪ್ಯೂಟರು ಬಂತು, ಖಾತೆ ನಂಬರೂ ಬದಲಾಯಿತು. ಆದರೂ ಕೊಡಬೇಕಾದ ಅಸಲು ಹಾಗೇ ಇತ್ತು, ಒಂದು ಪೈಸೆ ಕಮ್ಮಿ ಆಗಲಿಲ್ಲ. ಹೊರನಾಡ ಕನ್ನಡಿಗನ ಅಸಲೂ ಅಂಥದ್ದೇ. ಅದು ಜೇವಣವೋ ಊಟವೋ ಎಂಬುದರಲ್ಲಿಲ್ಲ. ಎದುರಿಗಿರುವ ಕಾಕೂಗೆ ಹಸಿವೆಯೋ ಹೇಗೆ ಅಂತ ಕೇಳಬೇಕೆನಿಸುವುದರಲ್ಲಿದೆ. ಮುಂದಿನ ಸಲ ನಿಮ್ಮ ಮದುವೆ ಪಂಕ್ತಿಯಲ್ಲಿ ಪುಣೆಯದೋ ಚೆನ್ನೈಯದೋ ಒಂದು ಮಗು ತಪ್ಪು ಶಬ್ದದಲ್ಲಿ ಸರಿಯಾದ ಪ್ರಶ್ನೆ ಕೇಳಿದರೆ, ದಯವಿಟ್ಟು ನಗಬೇಡಿ. ಆತವ್ವಾ, ನಿಂದು? ಅಂತ ಕೇಳಿ.