ಹೊಳೆಯಲ್ಲಿ ಮೊಸಳೆ, ದಂಡೆಯಲ್ಲಿ ನೆರೆಯವರು



ಮನುಷ್ಯನ ಪ್ರಾಣ ತೆಗೆಯಬಲ್ಲ ಒಂದು ಪ್ರಾಣಿಯನ್ನು ಕಾಪಾಡಬೇಕೆಂದು ನಾವು ಹೇಳುತ್ತೇವೆ. ಆ ಮಾತಿಗೆ ಬೆಲೆ ತೆರುವವರು ಯಾರು? ನಾವೋ, ಅಥವಾ ನಮ್ಮ ಪರವಾಗಿ ಮತ್ತೊಬ್ಬರೋ? ಇದನ್ನು ದೂರದ ಕಾಡಿನ ಪ್ರಶ್ನೆ ಎಂದುಕೊಳ್ಳಬೇಡಿ. ಬಾಗಲಕೋಟೆಯಿಂದ ತುಳಸಿಗೇರಿಯ ಮಾರ್ಗವಾಗಿ ಕಲಾದಗಿಯ ಕಡೆಗೆ ಹೋದರೆ ಘಟಪ್ರಭೆಯ ಸೀಮೆ ಸಿಗುತ್ತದೆ. ಹುನಗುಂದದ ಕಡೆಗೆ ನಡೆದರೆ ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತದೆ. ಈ ಹೊಳೆಗಳ ದಂಡೆಯಲ್ಲಿ ಅರಿವೆ ಒಗೆಯುವ ತಾಯಂದಿರಿದ್ದಾರೆ, ಎಮ್ಮೆ ಮೈ ತೊಳೆಯುವ ಮಕ್ಕಳಿದ್ದಾರೆ, ಬಲೆ ಬೀಸುವ ಮೀನುಗಾರರಿದ್ದಾರೆ. ಅದೇ ನೀರಿನಲ್ಲಿ ಮೊಸಳೆಯೂ ಇದೆ.

ನಮ್ಮ ಹೊಳೆಗಳಲ್ಲಿರುವುದು ಸಿಹಿನೀರಿನ ಮೊಸಳೆ. ಮೀನೇ ಅದರ ಮುಖ್ಯ ಆಹಾರ. ಆದರೆ ನೀರು ಕುಡಿಯಲು ಬಂದ ಕುರಿ, ನಾಯಿ, ಕರುವನ್ನೂ ಅದು ಬಿಡದು. ಹೊಂಚಿ ಕುಳಿತಾಗ ಮನುಷ್ಯನನ್ನೂ ಎಳೆಯಬಲ್ಲದು. ಬೇಸಿಗೆಯಲ್ಲಿ ದಂಡೆಯ ಮಣ್ಣು ಕೊರೆದು ಬಿಲ ಮಾಡಿಕೊಳ್ಳುತ್ತದೆ. ಹೆಣ್ಣು ಮೊಸಳೆ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು, ಮರಿ ಹೊರಬರುವ ಕಾಲಕ್ಕೆ ತಾನೇ ಗುಂಡಿ ಬಗೆದು, ಮರಿಗಳನ್ನು ಬಾಯಲ್ಲಿ ಹಿಡಿದು ಮೆಲ್ಲಗೆ ನೀರಿಗೆ ಬಿಡುತ್ತದೆ. ಎಲುಬು ಮುರಿಯುವ ಅದೇ ದವಡೆ ಮರಿಗೆ ತೊಟ್ಟಿಲಾಗುತ್ತದೆ.

ಚರ್ಮದ ವ್ಯಾಪಾರಕ್ಕಾಗಿ ನಡೆದ ಬೇಟೆಯಿಂದ ಒಂದು ಕಾಲದಲ್ಲಿ ಈ ಪ್ರಾಣಿ ದೇಶದ ಬಹುಭಾಗದಲ್ಲಿ ಅಳಿವಿನ ಅಂಚಿಗೆ ಬಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಕೊಲ್ಲುವುದನ್ನು ಅಪರಾಧವನ್ನಾಗಿಸಿತು. 1975ರಲ್ಲಿ ಕೇಂದ್ರ ಸರಕಾರ ಮೊಸಳೆ ಸಂರಕ್ಷಣಾ ಯೋಜನೆ ಆರಂಭಿಸಿ, ಮೊಟ್ಟೆಗಳನ್ನು ತಂದು ಮರಿ ಮಾಡಿಸಿ, ಬೆಳೆಸಿ, ಮರಳಿ ನೀರಿಗೆ ಬಿಡಿಸಿತು. ಒಂದು ಜೀವಜಾತಿ ಉಳಿಯಿತು. ಅದು ಸಂತೋಷದ ವಿಷಯವೇ.

ಆದರೆ ಈ ನಡುವೆ ಹೊಳೆಯೂ ಬದಲಾಯಿತು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟೆ ಮುಗಿದ ಮೇಲೆ ಹಿನ್ನೀರು ಘಟಪ್ರಭೆಯ ಪಾತ್ರದೊಳಕ್ಕೂ ಏರಿತು. ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಿ, ಜನರು ನವನಗರಕ್ಕೆ ಹೋದರು. ಬೇಸಿಗೆಯಲ್ಲಿ ಸೊರಗುತ್ತಿದ್ದ ಹೊಳೆಯ ಜಾಗದಲ್ಲಿ ನಿಂತ ನೀರು ಬಂತು. ನಿಂತ ನೀರು ಮೊಸಳೆಗೆ ಹಿತ. ಇನ್ನೊಂದು ಕಡೆ, ಮರಳು ತೆಗೆದಲ್ಲೆಲ್ಲ ಅದು ಮೊಟ್ಟೆಯಿಡುವ ದಂಡೆ ಹಾಳಾಗುತ್ತದೆ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನಲ್ಲಿ ಮುಳುಗಿದ ಮನೆಯೊಂದರ ಮಾಳಿಗೆಯ ಮೇಲೆ ಮೊಸಳೆ ಕುಳಿತ ದೃಶ್ಯವನ್ನು ನಾಡೆಲ್ಲ ನೋಡಿತು. ಕೆಲವರು ನಕ್ಕರು, ಕೆಲವರು ಹೆದರಿದರು. ಆ ದಿನ ಮನೆ ಕಳೆದುಕೊಂಡವರು ಊರಿನವರು ಮಾತ್ರವಲ್ಲ. ಮಾಳಿಗೆಯ ಮೇಲಿದ್ದದ್ದೂ ನೆಲೆ ತಪ್ಪಿದ ಜೀವವೇ.

ಈಗ ಎರಡು ಮಾತು ಕೇಳಿಬರುತ್ತವೆ. ಒಂದು: “ಮನುಷ್ಯನ ಜೀವಕ್ಕಿಂತ ಮೊಸಳೆ ದೊಡ್ಡದೇ? ಕೊಂದುಬಿಡಿ, ಇಲ್ಲವೇ ಹಿಡಿದು ಸಾಗಿಸಿ.” ಇನ್ನೊಂದು: “ಹೊಳೆ ಮೊಸಳೆಯದು. ನೀವು ಅಲ್ಲಿಗೆ ಏಕೆ ಹೋಗುತ್ತೀರಿ?” ಮೊದಲ ಮಾತು ಮಗುವನ್ನು ಕಳೆದುಕೊಂಡ ಮನೆಯಿಂದ ಬಂದರೆ ನಾವು ತಲೆತಗ್ಗಿಸಿ ಕೇಳಬೇಕು. ಎರಡನೆಯ ಮಾತು ಹೆಚ್ಚಾಗಿ ಮನೆಯೊಳಗೆ ನಲ್ಲಿ ಇರುವವರ ಬಾಯಿಂದ ಬರುತ್ತದೆ ಎಂಬುದನ್ನು ಗಮನಿಸಿದ್ದೀರಾ?

ಪವಿತ್ರ ಗ್ರಂಥ ಈ ಎರಡು ಮಾತುಗಳಲ್ಲಿ ಯಾವುದನ್ನೂ ಪೂರ್ತಿಯಾಗಿ ಒಪ್ಪುವುದಿಲ್ಲ. ಆದಿಕಾಂಡದಲ್ಲಿ ದೇವರು ನೀರಿನ ದೊಡ್ಡ ಜೀವಿಗಳನ್ನು ಸೃಷ್ಟಿಸಿದ್ದು ಐದನೆಯ ದಿನ. ಮನುಷ್ಯ ಬಂದದ್ದು ಆರನೆಯ ದಿನ. ವೃದ್ಧಿಯಾಗಿರಿ ಎಂಬ ಆಶೀರ್ವಾದ ನಮಗಿಂತ ಮೊದಲು ಅವುಗಳಿಗೆ ಸಿಕ್ಕಿತು. ಯೋಬನ ಗ್ರಂಥದ ಕೊನೆಯ ಅಧ್ಯಾಯಗಳಲ್ಲಿ ಗಟ್ಟಿ ಚಿಪ್ಪಿನ, ಭಯಂಕರ ಹಲ್ಲಿನ ಜಲಪ್ರಾಣಿಯೊಂದರ ವರ್ಣನೆಯಿದೆ. ಅದು ಮೊಸಳೆಯನ್ನು ನೋಡಿ ಬರೆದದ್ದು ಎಂದು ಅನೇಕ ಪಂಡಿತರು ಭಾವಿಸಿದ್ದಾರೆ. ಅದನ್ನು ಗಾಳ ಹಾಕಿ ಹಿಡಿದು ಆಳಾಗಿ ಮಾಡಿಕೊಳ್ಳಬಲ್ಲೆಯಾ ಎಂದು ದೇವರು ಯೋಬನನ್ನು ಕೇಳುತ್ತಾರೆ. ನಮಗೆ ಉಪಯೋಗವಿಲ್ಲದ, ನಮಗೆ ಹೆದರದ ಜೀವವೂ ದೇವರ ಹೆಮ್ಮೆಯ ಸೃಷ್ಟಿ ಎಂಬುದು ಅಲ್ಲಿಯ ಪಾಠ. ಹಾಗೆಯೇ, ಅನೇಕ ಗುಬ್ಬಿಗಳಿಗಿಂತ ನೀವು ಅಮೂಲ್ಯರು ಎಂದು ಶಿಷ್ಯರಿಗೆ ಹೇಳಿದವರು ಯೇಸುಸ್ವಾಮಿ. ಗುಬ್ಬಿಗೂ ಲೆಕ್ಕವಿದೆ, ಮಗುವಿಗೆ ಹೆಚ್ಚಿನ ಲೆಕ್ಕವಿದೆ. ಎರಡೂ ಸತ್ಯ. ಕಷ್ಟವಿರುವುದು ಎರಡನ್ನೂ ಕೂಡಿಸಿ ಬದುಕುವುದರಲ್ಲಿ.

ಜಗತ್ತಿನ ಬೇರೆ ಕಡೆಯ ಒಂದು ಉದಾಹರಣೆ ನೋಡೋಣ. ದೊಡ್ಡ ಬಿಳಿ ಶಾರ್ಕ್ ಎಂಬ ಮೀನಿನ ಹೆಸರು ಕೇಳಿದರೇ ಜನ ನಡುಗುತ್ತಾರೆ. 1975ರಲ್ಲಿ ಬಂದ ‘ಜಾಸ್’ ಚಲನಚಿತ್ರ ಆ ಹೆದರಿಕೆಯನ್ನು ಮನೆಮನೆಗೆ ತಲುಪಿಸಿತು. ಅದರ ಮೂಲ ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಮುಂದೆ ಶಾರ್ಕುಗಳ ರಕ್ಷಣೆಗಾಗಿಯೇ ದುಡಿದರು. 1991ರಲ್ಲಿ ದಕ್ಷಿಣ ಆಫ್ರಿಕಾ ಈ ಶಾರ್ಕಿಗೆ ಕಾನೂನಿನ ರಕ್ಷಣೆ ಕೊಟ್ಟ ಮೊದಲ ದೇಶವಾಯಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಕಡಲತೀರಗಳಲ್ಲಿ ವಿಜ್ಞಾನಿಗಳು ಸುಮಾರು ಎರಡು ವರ್ಷ ಡ್ರೋನ್ ಹಾರಿಸಿ ನೋಡಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಳೆಯ ಬಿಳಿ ಶಾರ್ಕುಗಳು ಗುಂಪುಗೂಡುವ ಜಾಗಗಳಲ್ಲಿ, ಸಮೀಕ್ಷೆ ನಡೆಸಿದ ದಿನಗಳ ಪೈಕಿ ನೂರಕ್ಕೆ 97 ದಿನ ಶಾರ್ಕುಗಳೂ ಜನರೂ ಒಂದೇ ನೀರಿನಲ್ಲಿದ್ದರು. ಬಹುಪಾಲು ಈಜುಗಾರರಿಗೆ ಅದು ಗೊತ್ತೇ ಇರಲಿಲ್ಲ. ನಾವು ತಿಳಿದಷ್ಟು ಕ್ರೂರವಲ್ಲ ಸೃಷ್ಟಿ.

ಆದರೆ ಈ ಉದಾಹರಣೆಯನ್ನು ಹಾಗೆಯೇ ತಂದು ಘಟಪ್ರಭೆಯ ದಂಡೆಗೆ ಹಚ್ಚಲಾಗದು. ಮೊದಲನೆಯದಾಗಿ, ಮೊಸಳೆ ಎಳೆಯ ಶಾರ್ಕಿನಂತಲ್ಲ. ದಂಡೆಯ ಅಂಚಿನಲ್ಲೇ ಹೊಂಚು ಹಾಕುವ ಪ್ರಾಣಿ ಅದು. ಎರಡನೆಯದು ಇನ್ನೂ ಮುಖ್ಯ. ಕಡಲಿಗೆ ಈಜಲು ಹೋಗುವವನು ತನ್ನ ಸಂತೋಷಕ್ಕಾಗಿ ಹೋಗುತ್ತಾನೆ. ಬೇಡವೆನಿಸಿದರೆ ಮನೆಯಲ್ಲೇ ಇರಬಹುದು. ಹೊಳೆಗೆ ಅರಿವೆ ಒಯ್ಯುವ ತಾಯಿಗೆ, ಮೀನು ಹಿಡಿದೇ ಸಂಜೆಯ ರೊಟ್ಟಿ ಕಾಣುವ ಮನೆಯವರಿಗೆ ಆ ಆಯ್ಕೆ ಇದೆಯೇ? ತಾನಾಗಿ ಮೈಮೇಲೆ ತೆಗೆದುಕೊಂಡ ಅಪಾಯ ಒಂದು. ಬಡತನ ತಂದೊಡ್ಡಿದ ಅಪಾಯ ಇನ್ನೊಂದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಇಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರ ಕಾಣಿಸತೊಡಗುತ್ತದೆ. ಮೊಸಳೆ ಉಳಿಯಲಿ ಎಂದು ಇಡೀ ಸಮಾಜ ತೀರ್ಮಾನಿಸಿದ ಮೇಲೆ, ಅದರ ಭಾರವನ್ನೂ ಇಡೀ ಸಮಾಜ ಹೊರಬೇಕು. ದಂಡೆಯ ಬಡವನ ಹೆಗಲಿಗೆ ಭಾರ ಹೊರಿಸಿ ನಾವು ದೂರದಿಂದ ಪ್ರಾಣಿದಯೆಯ ಮಾತಾಡಿದರೆ, ಮೊಸಳೆ ಕಣ್ಣೀರು ಸುರಿಸುವವರು ನಾವೇ ಆಗುತ್ತೇವೆ. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಬೇರೆ ಬೇರೆಯಾಗಿ ಕೇಳಲಾಗದು ಎಂದು ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ತಿಳಿಸಿದ್ದು ಇದೇ ಕಾರಣಕ್ಕೆ.

ಭಾರ ಹಂಚಿಕೊಳ್ಳುವುದು ಎಂದರೇನು? ಮೊದಲು ನೀರು. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ನಿನ ಗುರಿ ಹಳ್ಳಿಯ ಪ್ರತಿ ಮನೆಗೆ ನಲ್ಲಿ ನೀರು. ನಲ್ಲಿ ಹಾಕಿದರೆ ಸಾಲದು. ಅದರಲ್ಲಿ ದಿನವೂ ನೀರು ಬರಬೇಕು. ನೀರು ಬರುವ ಒಂದು ನಲ್ಲಿ ಒಬ್ಬ ತಾಯಿಯನ್ನೂ ಕಾಯುತ್ತದೆ, ಒಂದು ಮೊಸಳೆಯನ್ನೂ ಕಾಯುತ್ತದೆ. ಹೊಳೆಗೆ ಹೋಗಲೇಬೇಕಾದಲ್ಲಿ ಸುರಕ್ಷಿತ ಘಟ್ಟ ಬೇಕು. ಶ್ರೀಲಂಕಾದಲ್ಲಿ ನದಿಯ ಅಂಚಿನಲ್ಲಿ ಗೂಟ ನೆಟ್ಟು, ಮೊಸಳೆ ಒಳಬಾರದಂತೆ ಬೇಲಿ ಕಟ್ಟಿ, ಅದರೊಳಗೆ ಸ್ನಾನ ಮಾಡುವ ರೂಢಿಯಿದೆ. ಗುಜರಾತಿನ ಆನಂದ ಜಿಲ್ಲೆಯ ಮಲಾತಜ್ ಎಂಬ ಊರಿನ ಕೆರೆಯಲ್ಲಿ ಮೊಸಳೆಗಳಿವೆ. ಅವು ಖೋಡಿಯಾರ್ ದೇವಿಯ ವಾಹನವೆಂಬ ಗೌರವದಿಂದ ಊರವರು ಅವುಗಳ ತಂಟೆಗೆ ಹೋಗದೆ ಬಾಳುತ್ತಾರೆ. ಅವರ ನಂಬಿಕೆ ಬೇರೆಯಾದರೂ ಆ ತಾಳ್ಮೆಯಿಂದ ನಾವು ಕಲಿಯಬಹುದು. ಹಿಡಿದು ಬೇರೆಡೆ ಬಿಡುವುದು ಯಾವಾಗಲೂ ಪರಿಹಾರವಲ್ಲ. ಮೊಸಳೆಗೆ ತನ್ನ ಜಾಗಕ್ಕೆ ಮರಳುವ ಸ್ವಭಾವವಿದೆ. ಆದರೆ ಜನರ ನಡುವೆ ಬಂದು ಕುಳಿತ, ಪ್ರಾಣಕ್ಕೆ ಅಪಾಯವಾದ ಮೊಸಳೆಯನ್ನು ಅರಣ್ಯ ಇಲಾಖೆಯವರು ಹಿಡಿದು ಒಯ್ಯುವುದು ಕ್ರೌರ್ಯವಲ್ಲ, ಕರ್ತವ್ಯ.

ಸಂತ ಅಸ್ಸಿಸಿಯ ಫ್ರಾನ್ಸಿಸರೂ ಗುಬ್ಬಿಯೊ ಪಟ್ಟಣದ ತೋಳವೂ ಇರುವ ಕಥೆ ನಿಮಗೆ ಗೊತ್ತು. ಸಂತರು ತೋಳವನ್ನು ಪಳಗಿಸಿದರು ಎಂದಷ್ಟೇ ನಾವು ಮಕ್ಕಳಿಗೆ ಹೇಳುತ್ತೇವೆ. ಕಥೆಯ ಅರ್ಧ ಅಲ್ಲೇ ಉಳಿದುಬಿಡುತ್ತದೆ. ಸಂತರು ಮಾಡಿಸಿದ್ದು ಎರಡು ಕಡೆಯ ಒಪ್ಪಂದ. ತೋಳ ಯಾರನ್ನೂ ಕಚ್ಚಬಾರದು. ಅದು ಹಸಿದಿರದಂತೆ ಊರವರೆಲ್ಲ ನೋಡಿಕೊಳ್ಳಬೇಕು. ಹೊಣೆ ಒಂದು ಮನೆಯದಲ್ಲ, ಇಡೀ ಊರಿನದು. ಮೊಸಳೆಗೆ ನಾವು ಆಹಾರ ಹಾಕಬಾರದು. ಹಾಕಿದರೆ ಅದು ಮನುಷ್ಯರ ಹತ್ತಿರಕ್ಕೆ ಬರುತ್ತದೆ. ಅದರ ಪಾಲಿನ ಮೀನು ಮತ್ತು ದಂಡೆಯನ್ನು ಉಳಿಸುವುದೇ ನಮ್ಮ ಕಡೆಯ ಒಪ್ಪಂದ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ ಮಕ್ಕಳನ್ನು ಹೊಳೆಗೆ ಕಳಿಸಬೇಡಿ. ಒಬ್ಬರೇ ನೀರಿಗೆ ಇಳಿಯಬೇಡಿ. ಕೋಳಿ, ಮಾಂಸದ ಕಸವನ್ನು ಹೊಳೆಗೆ ಎಸೆಯಬೇಡಿ, ಎಸೆಯುವವರನ್ನು ತಡೆಯಿರಿ. ಬಿಸಿಲು ಕಾಯುತ್ತಿರುವ ಮೊಸಳೆಗೆ ಕಲ್ಲು ಹೊಡೆಯುವುದು ಆಟವಲ್ಲ ಎಂದು ಹುಡುಗರಿಗೆ ತಿಳಿಹೇಳಿ. ಧರ್ಮಕೇಂದ್ರದ ಸಂಘಗಳಲ್ಲಿ ಈ ವಿಷಯ ಎತ್ತಿ, ನಲ್ಲಿ ಮತ್ತು ಘಟ್ಟಕ್ಕಾಗಿ ಗ್ರಾಮ ಪಂಚಾಯಿತಿಗೆ ಅರ್ಜಿ ಬರೆಯಿರಿ. ಯಾವುದೇ ಜಾತಿ ಮತದ ಮನೆಯಲ್ಲಿ ಇಂಥ ಸಾವು ಸಂಭವಿಸಿದರೆ, ಪರಿಹಾರದ ಕಾಗದಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ಆ ಮನೆಯವರ ಜೊತೆಗೆ ನಿಮ್ಮಲ್ಲೊಬ್ಬರು ಹೋಗಿ.

ನನ್ನ ನೆರೆಯವನು ಯಾರು ಎಂದು ಶಾಸ್ತ್ರಿಯೊಬ್ಬ ಯೇಸುಸ್ವಾಮಿಯನ್ನು ಕೇಳಿದ. ಹೊಳೆಯ ದಂಡೆಯಲ್ಲಿ ನಿಂತು ಅದೇ ಪ್ರಶ್ನೆ ಕೇಳಿಕೊಂಡರೆ ಮೊದಲು ಕಾಣುವವಳು ತಲೆಯ ಮೇಲೆ ಅರಿವೆ ಗಂಟು ಹೊತ್ತ ತಾಯಿ. ಅವಳು ಸುರಕ್ಷಿತವಾಗಿ ಮನೆ ಸೇರುವಂತೆ ನೋಡಿಕೊಂಡವರಿಗೆ ಮಾತ್ರ, ನೀರಿನೊಳಗಿನ ಆ ಇನ್ನೊಬ್ಬ ನೆರೆಯವನೂ ಬಾಳಲಿ ಎಂದು ಹೇಳುವ ಬಾಯಿ ಬರುತ್ತದೆ.